ಫಾಲ್ ಕಾಕಾ

ಧಾರವಾಡದ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಮಗ ಅಮೆರಿಕಾದಲ್ಲಿ. ಮೊಮ್ಮಗಳನ್ನು ಆಡಿಸಲೆಂದು ಹೋಗಿ ಆರು ತಿಂಗಳು ಇದ್ದು ಬಂದಿರುತ್ತಾರೆ. ಹೋಗುವಾಗ ಬ್ಯಾಗಿನ ತುಂಬ ಶೇಂಗಾ ಹಿಂಡಿ, ಬರುವಾಗ ತಲೆಯ ತುಂಬ ಅಮೆರಿಕಾ. ಮುಂಜಾನೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ವಾಕಿಂಗಿಗೆ ಬಂದಾಗ ಗುರುತು ಹಿಡಿಯಬಹುದು. ದೂರವನ್ನು ಮೈಲಿಯಲ್ಲಿ ಹೇಳುತ್ತಾರೆ. ಕೊತ್ತಂಬರಿ ಸಿವುಡಿನ ದರವನ್ನು ಡಾಲರಿಗೆ ತಿರುಗಿಸಿ, ಎಷ್ಟು ಅಗ್ಗವೆಂದು ಬೆರಗಾಗಿ, ಆಮೇಲೆ ಎರಡು ರೂಪಾಯಿಗೆ ಜಗ್ಗಾಡುತ್ತಾರೆ.

ನಮ್ಮ ಓಣಿಯ ಕಾಕಾಗೆ ಇಷ್ಟೇ ಆಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವರಿಗೆ ಹತ್ತಿದ್ದು ಎಲೆಯ ಹುಚ್ಚು. ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಗುಡ್ಡಗಳಲ್ಲಿ ಅಕ್ಟೋಬರ್ ಬಂತೆಂದರೆ ಮೇಪಲ್ ಮರ ಕೆಂಪಾಗುತ್ತದೆ, ಬರ್ಚ್ ಹಳದಿಯಾಗುತ್ತದೆ. ಎಲೆ ಉದುರುವ ಈ ಕಾಲಕ್ಕೆ ಅಲ್ಲಿ ‘ಫಾಲ್’ ಎನ್ನುತ್ತಾರೆ. ಆ ಬಣ್ಣ ನೋಡಲು ಕಾರುಗಳು ಪಾಳಿ ಹಚ್ಚುತ್ತವೆ. ಹಾಗೆ ಬರುವವರಿಗೆ ಅಲ್ಲಿಯವರು ‘ಲೀಫ್ ಪೀಪರ್’ ಎಂದು ಹೆಸರಿಟ್ಟಿದ್ದಾರೆ, ಅಂದರೆ ಎಲೆ ಇಣುಕುವವರು. ಕಾಕಾ ಒಂದು ದಿನ ಇಣುಕಿದ್ದಕ್ಕೆ ನಾನೂರು ಚಿಲ್ಲರೆ ಫೋಟೋ. ನಾನು ಎಲ್ಲವನ್ನೂ ಮೂರು ಸಲ ನೋಡಿದ್ದೇನೆ. ಒಂದು ಸಲವಂತೂ ಮುಂಜಿವಿ ಊಟದ ಪಂಕ್ತಿಯಲ್ಲಿ. ಹೋಳಿಗೆ ಮುಂದಿನ ಎಲೆಗೆ ಹೋಯಿತು.

ಕಳೆದ ವರ್ಷ ದಸರೆ ಮುಗಿಯುತ್ತಿದ್ದಂತೆ ಕಾಕಾ ಮನೆಮನೆಗೂ ಬಂದರು. “ಕಪ್ಪತಗುಡ್ಡಕ್ಕ ಹೋಗೋಣ. ಫಾಲ್ ನೋಡೋಣ. ಪೀಕ್ ತಪ್ಪಿಸಬ್ಯಾಡ್ರಿ, ಪೀಕ್ ಹೋತಂದ್ರ ಮುಗೀತು!” ಈ ‘ಪೀಕ್’ ಎಂಬುದು ಅವರ ಜಪ. ಎಲೆಯ ಬಣ್ಣ ತುತ್ತತುದಿ ಮುಟ್ಟುವ ನಾಲ್ಕಾರು ದಿನಗಳಿಗೆ ಅಲ್ಲಿ ಹಾಗನ್ನುತ್ತಾರಂತೆ. ಹಾಲು ತರಲು ಹೋದರೆ ಪೀಕ್, ಬ್ಯಾಂಕಿನಲ್ಲಿ ಪೀಕ್. ಕೊನೆಗೆ ಸೀಗಿ ಹುಣ್ಣಿಮೆಯ ದಿನವೇ ಪೀಕ್ ಎಂದು ಪಂಚಾಂಗ ನೋಡಿದವರ ಹಾಗೆ ತೀರ್ಮಾನಿಸಿದರು. ನಾನು ಒಪ್ಪಿಕೊಂಡದ್ದು ಎಲೆಗಾಗಿ ಅಲ್ಲ. ಕಾಕೂನ ಎಣ್ಣಿಗಾಯಿ ಬುತ್ತಿ ಬರುತ್ತದೆಂದು ಗೊತ್ತಿತ್ತು.

ಹನ್ನೆರಡು ಜನ, ಒಂದು ಕ್ರೂಸರ್. ಹುಬ್ಬಳ್ಳಿ ದಾಟಿ ಅಣ್ಣಿಗೇರಿ, ಗದಗ, ಅಲ್ಲಿಂದ ಡೋಣಿ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ ಔಷಧಿ ಗಿಡಗಳಿಗೆ ಹೆಸರಾದದ್ದು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಕ್ರೂಸರಿನಿಂದ ಇಳಿದು ಕಣ್ಣು ಬಿಟ್ಟರೆ, ಹಸಿರು. ಬಲಕ್ಕೆ ಹಸಿರು, ಎಡಕ್ಕೆ ಹಸಿರು, ಮುಂಗಾರಿ ಕುಡಿದು ಕೊಬ್ಬಿದ ಹಸಿರು. ಕಾಕಾ ಕನ್ನಡಕ ಒರೆಸಿಕೊಂಡರು. “ಮ್ಯಾಲ ಇರ್ತದ, ನಡೀರಿ.”

ಹತ್ತಿದೆವು. ಅರ್ಧ ದಾರಿಯಲ್ಲಿ ನನ್ನ ಹಳೇ ಶೂ ತಳ ಬಾಯಿ ತೆರೆಯಿತು. ಕಾಕಾ ಒಂದು ಮಾತೂ ಆಡದೆ ಕೂತು, ಮಗ ಕೊಡಿಸಿದ್ದ ಹೈಕಿಂಗ್ ಕೋಲಿನ ಪಟ್ಟಿ ಬಿಚ್ಚಿ, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಿಗಿದು ಕಟ್ಟಿದರು. ಬೈಯಲೆಂದು ಕೂಡಿಟ್ಟ ಮಾತೆಲ್ಲ ಗಂಟಲಲ್ಲೇ ಉಳಿಯಿತು.

ಮೇಲೆ ಗಾಳಿಯೋ ಗಾಳಿ, ಸುತ್ತ ಗಾಳಿಯಂತ್ರಗಳು, ಕೆಳಗೆ ಎರಿ ಹೊಲಗಳು. ಕೆಂಪೆಲೆ ಒಂದೂ ಇಲ್ಲ. ಫೋನಿನಲ್ಲಿ ನೆಟ್‌ವರ್ಕ್ ಮಾತ್ರ ತುಂಬಿ ಬಂತು. ಕಾಕಾ ಮಗನ ಹೆಸರು ತೆಗೆದರು. ಹೆಬ್ಬೆರಳು ಹಾಗೇ ನಿಂತಿತು. “ಈಗ ಹನ್ನೊಂದು. ಅಲ್ಲೆ ರಾತ್ರಿ ಒಂದೂವರಿ,” ಎಂದು ಫೋನನ್ನು ಕಿಸೆಗೆ ಹಾಕಿಕೊಂಡರು.

ಇಳಿದು ಬಂದಾಗ ಗುಡ್ಡದ ಬುಡದ ಹೊಲದಲ್ಲಿ ಒಂದು ಮನೆತನ ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮುಗಿಸಿ, ಚರಗ ಚೆಲ್ಲಿ, ಊಟಕ್ಕೆ ಕೂತಿತ್ತು. “ಬರ್ರೀ, ಹಬ್ಬದ ದಿನ ಹಂಗ ಹೋಗಬಾರದು” ಎಂದು ಅಜ್ಜ ಕೂಗಿದ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕರ್ಚಿಕಾಯಿ, ಮೊಸರು ಕಲೆಸಿದ ಬಾನ. ಕಾಕಾ ರೊಟ್ಟಿ ಮುರಿಯುತ್ತಲೇ ಕೇಳಿಬಿಟ್ಟರು: “ಅಜ್ಜಾ, ಇಲ್ಲೆ ಪೀಕ್ ಯಾವಾಗ?”

“ಯಾ ಪೀಕ್ರಿ? ಹೆಸರು ಬಂದು ಹೋತು. ಉಳ್ಳಾಗಡ್ಡಿ ಕೀಳಾಕ ಹತ್ತೇವಿ. ಬಿಳಿಜ್ವಾಳ ಈಗ ಬಿತ್ತೇವಿ.”

“ಪೀಕಲ್ಲೋ ಮಾರಾಯ, ಎಲಿ! ಎಲಿ ಎಲ್ಲಾ ಕೆಂಪಗ ಆಗೂದು ಯಾವಾಗ?”

ಅಜ್ಜನ ಕೈಯಲ್ಲಿದ್ದ ತುತ್ತು ನಿಂತಿತು. “ಯಾಕ್ರೀ ಸಾಹೇಬ್ರ, ಹಬ್ಬದ ದಿನ ಹಂಗ ಅಂತೀರಿ? ಹೋದ ವರ್ಷ ಅರ್ಧ ಹತ್ತಿ ಎಲಿ ಕೆಂಪಾಗೇ ಹಾಳಾತು. ಈ ಸಲರ ಹಸರ ಇರ್ಲಿ ಬಿಡ್ರಿ.”

ಆಗ ಬಾಯಿ ಬಿಟ್ಟವರು ನಮ್ಮ ಜೊತೆಗಿದ್ದ, ಕೃಷಿ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಪ್ರೊಫೆಸರು. ಎಲೆಯ ಹಸಿರು ಕರಗುವಾಗ ಹುಟ್ಟುವ ಆಂಥೋಸಯನಿನ್ ಮೇಪಲ್ಲಿಗೂ ಅದೇ, ಹತ್ತಿಗೂ ಅದೇ. ಮೆಗ್ನೀಸಿಯಂ ಕಡಿಮೆಯಾಗಿ, ರಾತ್ರಿಯ ಚಳಿ ಸೇರಿದರೆ ಹತ್ತಿ ಕೆಂಪಾಗುತ್ತದೆ. ಅಲ್ಲಿ ಕೆಂಪೆಲೆಗೆ ಹೋಟೆಲಿನ ಮುಂದೆ ಪಾಳಿ, ಇಲ್ಲಿ ಗೊಬ್ಬರದಂಗಡಿಯ ಮುಂದೆ. ಅಲ್ಲಿಯ ಮರ ಚಳಿಗೆ ಎಲೆ ಉದುರಿಸುತ್ತದೆ, ನಮ್ಮ ತೇಗ ನೀರಿನ ಬರಕ್ಕೆ. ಅದಕ್ಕೆ ಇನ್ನೂ ಮೂರು ತಿಂಗಳಿತ್ತು. “ಮೊದಲ ಹೇಳಬಾರದಿತ್ತೇನ್ರಿ?” ಎಂದೆ. “ಯಾರರೆ ಕೇಳಿದ್ರ ಹೇಳತಿದ್ದೆ,” ಎಂದು ಅವರು ಇನ್ನೊಂದು ಕರ್ಚಿಕಾಯಿ ತೆಗೆದುಕೊಂಡರು. ಅವರೂ ಬುತ್ತಿಗೇ ಬಂದವರು.

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಹೊರಡುವ ಮುಂಚೆ ಹತ್ತಿಯ ಸಾಲಿನಲ್ಲಿ ಹೋಗಿ ಒಂದೇ ಒಂದು ಹಸಿರೆಲೆಯ ಫೋಟೋ ಹೊಡೆದು ಮಗನಿಗೆ ಕಳಿಸಿದರು. ಸಂಜೆ ಅಣ್ಣಿಗೇರಿ ಹತ್ತಿರ ಉತ್ತರ ಬಂತು. ನನಗೂ ತೋರಿಸಿದರು: “ಚಂದ ಅದ ಅಪ್ಪಾ. ಇಲ್ಲೂ ಈ ವಾರನ ಪೀಕ್. ಈ ಸಲ ಹೋಗ್ಲಿಕ್ಕೆ ಆಗ್ಲಿಲ್ಲ, ಆಫೀಸು.”

ಮೂರು ದಿನ ಓಣಿ ಶಾಂತವಾಗಿತ್ತು. ನಾಲ್ಕನೆಯ ದಿನ ಕಾಕಾ ಮತ್ತೆ ಬಾಗಿಲಲ್ಲಿ. ಪ್ರೊಫೆಸರು ಹೇಳಿದ್ದಾರಂತೆ, ನಮ್ಮಲ್ಲಿ ಹಳೆಯ ಎಲೆಗಿಂತ ಎಳೆಯ ಎಲೆಯೇ ಕೆಂಪು. ಮಾವು, ಅರಳಿ, ಸಾಗಡೆ ಎಲ್ಲ ಚಿಗುರುವಾಗಲೇ ಬಣ್ಣ. ಆದ್ದರಿಂದ ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಹಳಿಯಾಳದ ಕಡೆಗೆ ಕ್ರೂಸರ್ ಹೊರಡುತ್ತದೆ. ನಾನು ಹೊಸ ಶೂ ಕೊಂಡಿದ್ದೇನೆ. ಎರಡು ಸೀಟು ಖಾಲಿ ಇವೆ. ಬರುವವರು ಬುತ್ತಿ ತಾವೇ ತರಬೇಕು. ಕಾಕೂ ಈ ಸಲ ಖಂಡಿತ ಆಗುವುದಿಲ್ಲ ಎಂದಿದ್ದಾರೆ.