ಹೊಳ್ಳಿ ಬರೂ ಆಟದವರು

ವೈನಿ, ನಿನ್ನೆ ಸಂಜೀಕ ನಮ್ಮ ಪುಣೆಯ ಅಪ್ಪರ್ ಬಡಾವಣಿ ಕಡೆ ಹಲಗಿ ಸಪ್ಪಳ ಕೇಳಿತ್ತೇನ್ರಿ? ಕಾಲೇಜ್ ಹುಡುಗರು ಬೀದಿನಾಟಕ ಆಡಾಕತ್ತಿದ್ರು, ಹಸಿ ಕಸ ಒಣ ಕಸ ಬ್ಯಾರೆ ಮಾಡ್ರಿ ಅಂತ. ಭಾಜಿ ಚೀಲ ಹಿಡಕೊಂಡು ನಾನೂ ನಿಂತೆ. ಒಬ್ಬ ಹುಡುಗಿ ಕಸ ಆರಿಸೂ ಹೆಣಮಗಳಾಗಿ ಬರೇ ಕೈಲೆ ಚೀಲ ಬಿಚ್ಚಿದ್ಲು. ಪ್ಯಾಡ್ ಕಾಗದದಾಗ ಸುತ್ತಿ ಮ್ಯಾಲ ಕೆಂಪು ಚಿಕ್ಕಿ ಇಡ್ರಿ ಅಂದಾಗ ಗಂಡಸರೂ ತಲಿ ತಗ್ಗಿಸಿ ಕೇಳಿದ್ರು. ನನ್ನ ಬಾಜೂಕ ಯಾರಿದ್ರು ಗೊತ್ತೇನ್ರಿ? ನಮ್ಮ ಗಲ್ಲಿ ಕಸ ಒಯ್ಯೂ ಮಾವಶಿ. ಆಕಿ ಏನೋ ಹೇಳಬೇಕಂತ ಬಾಯಿ ತೆರೆಯೂದ್ರಾಗ ಚಪ್ಪಾಳಿ ಆತು, ಹುಡುಗರು ಹಲಗಿ ಕಟಗೊಂಡು ಹೋದ್ರು.

ಅಷ್ಟಕ್ಕ ಬಿಡಬಾರದಿತ್ತು, ಅನಸ್ತದ ನನಗ. ಬೀದಿನಾಟಕ ಆಡಿದ ಜಾಗಾಕ್ಕ ಹೊಳ್ಳಿ ಬರಬೇಕ್ರಿ.

ಹಂಗ ಹೊಳ್ಳಿ ಬಂದವರು ಇದ್ದಾರ್ರಿ. ಇಲ್ಲೇ ಓಂಕಾರೇಶ್ವರ ಗುಡಿ ಹತ್ತಿರದ ಸೇತುವೆ ನೋಡೀರಲ್ಲ, ವಿಠ್ಠಲ ರಾಮಜಿ ಶಿಂದೆ ಸೇತುವೆ? ಅಸ್ಪೃಶ್ಯತಾ ವಿರುದ್ಧ ಜೀವಾ ತೇದ ಆ ಶಿಂದೆ ಹುಟ್ಟಿದ್ದು ನಮ್ಮ ಜಮಖಂಡಿಯೊಳಗ. 2013ರ ಆಗಸ್ಟ್ 20ಕ್ಕ, ಮುಂಜಾನೆ ಅಡ್ಡಾಡಾಕ ಹೋಗಿದ್ದ, ಮೂಢನಂಬಿಕಿ ವಿರುದ್ಧ ಹೋರಾಡತಿದ್ದ ಡಾ. ನರೇಂದ್ರ ದಾಭೋಳಕರರನ್ನ ಅಲ್ಲೇ ಗುಂಡು ಹಾಕಿ ಕೊಂದ್ರು. ಅವರ ಕಾರ್ಯಕರ್ತರು ಹೆದರಿ ಮನಿ ಸೇರಲಿಲ್ಲ. ತಿಂಗಳಾ 20ಕ್ಕ ಅದ ಸೇತುವೆ ಮ್ಯಾಲ ವರ್ಷಗಟ್ಟಲೆ ಕೂಡಿದ್ರು. ನಾಟಕ ಆಡಿಸೂ ಅತುಲ ಪೇಠೆ ಆ ಕಾರ್ಯಕರ್ತರಿಗೆ ರಿಂಗಣ ನಾಟ್ಯ ಕಲಿಸಿದ್ರು. ಪಂಢರಪುರದ ವಾರಿಯೊಳಗ ಕುದುರಿ ಓಡೂ ಗೋಲ ಇರತದಲ್ಲ, ಅದ ರಿಂಗಣ. ಜನಾ ಸುತ್ತ ನಿಂತಿರತಾರ, ಆಡೂವ್ರು ನಡುವ. ಆಡೂವ್ರು ನಟರಲ್ಲ, ಊರಾಗ ದಿನಾ ಕೆಲಸಾ ಮಾಡೂ ಕಾರ್ಯಕರ್ತರು. ಆಟ ಮುಗದ ಮ್ಯಾಲೂ ಅವರು ಅಲ್ಲೇ ಸಿಗತಾರ.

ದಿಲ್ಲಿ ಕಡೆ ಬೀದಿನಾಟಕ ಆಡತಿದ್ದ ಸಫ್ದರ್ ಹಾಶ್ಮಿ ಕತಿ ಅಂತೂ ನೆನಸಿದ್ರ ಈಗೂ ಮೈ ಜುಮ್ ಅಂತದ. 1989ರ ಜನೇವರಿ 1ಕ್ಕ ದಿಲ್ಲಿ ಹತ್ತಿರದ ಝಂಡಾಪುರದಾಗ ಆಡಾಕತ್ತಾಗ ಅವರನ್ನ ಹೊಡೆದ್ರು, ಮರುದಿನ ಜೀವಾ ಹೋತು. 4ನೇ ತಾರೀಖಿಗೆ ಹೇಣ್ತಿ ಮೊಲೊಯಶ್ರೀ ಅದ ಜಾಗಾದಾಗ ನಿಂತು ಅರ್ಧಾ ಉಳಿದ ನಾಟಕ ಪೂರಾ ಮಾಡಿದ್ಲು. ನಮ್ಮ ಕಡೆ ‘ಸಮುದಾಯ’ ನಾಟಕ ತಂಡದವರು ನಿರ್ದೇಶಕ ಸಿ.ಜಿ.ಕೆ. ಆಡಿಸಿದ ‘ಬೆಲ್ಚಿ’ ಬೀದಿನಾಟಕ ಹೊತಗೊಂಡು ಊರೂರು ತಿರುಗಿದ್ರು. ಬಿಹಾರದ ಬೆಲ್ಚಿಯೊಳಗ ದಲಿತರನ್ನ ಸುಟ್ಟ ಸುದ್ದಿ ನಮ್ಮ ಹಳ್ಳಿ ಕಟ್ಟಿಗೆ ಬಂದದ್ದು ಹಂಗ.

ಮತ್ತ ಇದೇ ಪುಣೆಯೊಳಗ, ಕಸಾ ಹೊಡೆಯೂ ಪಾಲಿಕೆ ಕಾಮಗಾರರೇ ಬಣ್ಣಾ ಹಚ್ಚಿ ಜೋತಿಬಾ ಫುಲೆ ಮ್ಯಾಲಿನ ‘ಸತ್ಯಶೋಧಕ’ ಆಡ್ಯಾರ, ಪೇಠೆಯವರೇ ಆಡಿಸಿದ್ದು. ಅದು ರಂಗಮಂದಿರದ ನಾಟಕ ಖರೆ. ಆದ್ರ ಬಾಯಿ ಅವರದು ನೋಡ್ರಿ.

ಇವತ್ತ ಮುಂಜಾನೆ ಡಬ್ಬಿ ಕೊಡೂಮುಂದ ಮಾವಶಿನ್ನ ಕೇಳೇ ಬಿಟ್ಟೆ, ನಿನ್ನೆ ಏನು ಹೇಳಾಕತ್ತಿದ್ದಿ ಅಂತ. ಬೆರಳು ಚಾಚಿದ್ಲು. ‘ಹುಡುಗಿ ಛಲೋ ಮಾಡಿದ್ಲ್ರಿ, ಆದ್ರ ಸೂಜಿ ಮರತ್ಲು. ಇಂಜೆಕ್ಷನ್ ಸೂಜಿ ಚುಚ್ಚೋದು ಆಕಿಗೆ ಯಾರ್ ಹೇಳಬೇಕು?’

ಹಲಗಿ ಮತ್ತ ಕೇಳಿದ್ರ ನನಗ ಕೂಗ್ರಿ ವೈನಿ. ಮಾವಶಿನ್ನ ಕರಕೊಂಡು ಹೋಗತೀನಿ.