ತಗಡು ಡಬ್ಬ ಮತ್ತು ತಿಳಿದವರು

ಕಾರು ಗುದ್ದಿಸೋದೂ ಒಂದು ಆಟವಾ ಎಂದು ದೊಡ್ಡವರಿಗೆ ಸಿಟ್ಟು. ಮಕ್ಕಳ ಬುದ್ಧಿ ಕೆಡುತ್ತದಂತೆ. ಹೀಗೆನ್ನುವವರು ಒನ್‌ವೇಯಲ್ಲಿ ಎದುರಿಂದ ಬಂದು, ನಮಗೇ ಹೆಡ್‌ಲೈಟ್ ಹೊಡೆಯುತ್ತಾರೆ.

ಈ ಕಂಪ್ಯೂಟರ್ ಆಟದ ಹೆಸರು ಬೀಮ್‌ಎನ್‌ಜಿ ಡ್ರೈವ್. ಜರ್ಮನಿಯ ಬ್ರೆಮೆನ್‌ನಲ್ಲಿ ತಯಾರಾದದ್ದು. 2013ರಲ್ಲಿ ಮೊದಲು ಹೊರಬಂತು. ಆಮೇಲೂ ವರ್ಷಗಟ್ಟಲೆ 'ಇದಿನ್ನೂ ಮುಗಿದಿಲ್ಲ' ಎಂದು ಹೇಳಿಯೇ ಮಾರಿದರು. ಪಾಪ, ಅರ್ಧಕ್ಕೆ ನಿಂತ ಫ್ಲೈಓವರಿಗೆ ರಿಬ್ಬನ್ ಕತ್ತರಿಸುವ ಕಲೆ ಅವರಿಗೆ ಗೊತ್ತಿಲ್ಲ.

ಅದರಲ್ಲಿ ಕಾರೆಂದರೆ ಬರೀ ಚಿತ್ರವಲ್ಲ. ಒಳಗೆ ನೂರಾರು ಬಿಂದುಗಳು, ಅವುಗಳನ್ನು ಬಿಗಿದಿಟ್ಟ ಕಾಣದ ತೊಲೆಗಳು. ತೊಲೆ ಬಾಗುತ್ತದೆ, ಸೊಟ್ಟಗಾಗುತ್ತದೆ, ಮುರಿಯುತ್ತದೆ. ಈ ಲೆಕ್ಕ ಸೆಕೆಂಡಿಗೆ 2000 ಸಲ ನಡೆಯುತ್ತದೆ. ಕಂಬಕ್ಕೆ ಗುದ್ದಿಸಿ ನೋಡಿ. ಬಂಪರ್ ಮಡಚಿಕೊಳ್ಳುತ್ತದೆ, ಬಾನೆಟ್ ನಡುವೆ ಉಬ್ಬು ಏಳುತ್ತದೆ, ರೇಡಿಯೇಟರ್ ಒಡೆದು ನೀರು ಸೋರುತ್ತದೆ. ಹಟಕ್ಕೆ ಓಡಿಸಿದರೆ ಸ್ವಲ್ಪ ದೂರದಲ್ಲೇ ಎಂಜಿನ್ ಕಾದು ಕೈಕೊಡುತ್ತದೆ. ವೇಗ ಎರಡರಷ್ಟಾದರೆ ಹೊಡೆತ ನಾಲ್ಕರಷ್ಟು. ಅಲ್ಲಿ ವಶೀಲಿ ನಡೆಯುವುದಿಲ್ಲ.

ಇಬಿಶು, ಗ್ಯಾವ್ರಿಲ್ ಎಂದು ಕಾರುಗಳ ಹೆಸರೂ ಕಟ್ಟುಕತೆ. ನಿಜವಾದ ಹೆಸರು ಕೊಡುವ ಕಂಪನಿಗಳಿಗೆ ತಮ್ಮ ಕಾರು ಪರದೆಯ ಮೇಲೆ ಜಜ್ಜಿಹೋಗುವುದು ಸಾಮಾನ್ಯವಾಗಿ ಹಿಡಿಸುವುದಿಲ್ಲ. ಮರ್ಯಾದೆ ಪ್ರಶ್ನೆ. ರಸ್ತೆಯಲ್ಲಿ ಜಜ್ಜಿಹೋದರೆ ಯಾರ ಅನುಮತಿಯೂ ಬೇಕಿಲ್ಲ.

ಇನ್ನು ನಮ್ಮ ತಜ್ಞರು. 'ಈಗಿನವೆಲ್ಲ ತಗಡು ಡಬ್ಬ ಸಾರ್, ಅಂಬಾಸಿಡರ್ ಅಂದ್ರೆ ಕಬ್ಬಿಣ!' ಬಾನೆಟ್ಟನ್ನು ಹೆಬ್ಬೆಟ್ಟಿನಿಂದ ಒತ್ತಿ ತೀರ್ಪು ಕೊಡುತ್ತಾರೆ. ಮುಂಭಾಗ ಜಜ್ಜಿಹೋಗಲಿ, ಒಳಗಿನವರು ಉಳಿಯಲಿ ಎಂದು ಬೇಲಾ ಬರೇನಿ ಎಂಬ ಎಂಜಿನಿಯರ್ ಅದೇ ಜರ್ಮನಿಯಲ್ಲಿ 1950ರ ದಶಕದಲ್ಲೇ ಹೇಳಿಯಾಯಿತು. 2009ರಲ್ಲಿ ಅಮೆರಿಕದ ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷತಾ ಕೇಂದ್ರ 1959ರ ಷೆವರ್ಲೆ ಬೆಲ್ ಏರ್ ಕಾರಿಗೆ 2009ರ ಮಾಲಿಬು ಕಾರನ್ನು ಎದುರುಬದುರು ಗುದ್ದಿಸಿಯೂ ತೋರಿಸಿತು. ಹೊಸದರಲ್ಲಿ ಚಾಲಕ ಕೂರುವ ಜಾಗ ಹಾಗೇ ಉಳಿಯಿತು. ಹಳೇ ಪೈಲ್ವಾನನದು ಕುಸಿಯಿತು.

ಆದರೂ ನಮಗೆ ಮುಂದೊಂದು ಕಬ್ಬಿಣದ ಗಾರ್ಡ್ ಬೇಕು. ಹೊಡೆತ ನುಂಗಲೆಂದೇ ಮಾಡಿದ ಭಾಗಕ್ಕೆ ನುಂಗಲು ಬಿಡದ ಸರಳು. ಕೇಂದ್ರ ಸರ್ಕಾರ 2017ರಲ್ಲೇ ಬೇಡವೆಂದಿದೆ. ಸರಳು ಅಲ್ಲೇ ಇದೆ, ಮೇಲೊಂದು ಪಕ್ಷದ ಬಾವುಟವೂ ಸೇರಿದೆ.

ಕಾರುಗಳನ್ನು ಗುದ್ದಿಸಿ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ 2023ರಲ್ಲಿ ಬಂತು. ಕಡ್ಡಾಯವಲ್ಲ, ಕಂಪನಿಯ ಇಷ್ಟ. ಅನುತ್ತೀರ್ಣನಾಗುವ ಭಯವಿದ್ದವನು ಪರೀಕ್ಷೆಗೇ ಕೂರಬೇಕಿಲ್ಲ. ಶೋರೂಮಿನಲ್ಲಿ ನಾವಾದರೂ ನಕ್ಷತ್ರ ಎಷ್ಟೆಂದು ಕೇಳುತ್ತೇವೆಯೇ? ಸನ್‌ರೂಫ್ ಇದೆಯಾ? ಸ್ಕ್ರೀನ್ ಎಷ್ಟಿಂಚು? ಮೈಲೇಜ್ ಎಷ್ಟು ಕೊಡುತ್ತೆ? ಮುಗಿಯಿತು, ನಿಂಬೆಹಣ್ಣು ತರಿಸಿ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ 16,715 ಮಂದಿ ಸೀಟ್ ಬೆಲ್ಟ್ ಹಾಕಿರಲಿಲ್ಲ. ಇದು ಸರ್ಕಾರವೇ ಕೊಟ್ಟ ಲೆಕ್ಕ.

ಬೆಲ್ಟ್ ಹಾಕದೆ ಅಲಾರಂ ಬಾಯಿ ಮುಚ್ಚಿಸಲು ಒಂದು ಕ್ಲಿಪ್ ಸಿಗುತ್ತದೆ. ಬೆಲ್ಟ್ ಸಿಕ್ಕಿಸುವ ಜಾಗಕ್ಕೆ ಅದನ್ನು ತುರುಕಿದರೆ ಸಾಕು, ಕಾರು ನಂಬುತ್ತದೆ. ಗ್ರಾಹಕ ಪ್ರಾಧಿಕಾರ ಗದರಿಸಿದ ಮೇಲೆ 2023ರಲ್ಲಿ ಆನ್‌ಲೈನ್ ಅಂಗಡಿಗಳಿಂದ ಇಂಥ 13,118 ಜಾಹೀರಾತುಗಳು ಇಳಿದವು. ಇಷ್ಟೊಂದು ಬಗೆ ಯಾಕೆ ಬೇಕಿತ್ತು ಅಂತೀರಾ? ಕಾರಿನ ಲಾಂಛನ ಕೆತ್ತಿದ್ದೂ ಬೇಕಲ್ಲ ಸ್ವಾಮಿ, ಸೀಟ್ ಕವರಿಗೆ ಮ್ಯಾಚ್ ಆಗಬೇಡವೇ?