ಹುಳಿ ಬಂತು, ಬಿ12 ಬರಲಿಲ್ಲ

ಸೂಜಿ ಕಂಡರೆ ನನಗಾಗದು. ಈ ಒಂದು ಗುಣವೇ ನನ್ನನ್ನು ವಿಜ್ಞಾನಿ ಮಾಡಿತು. ರಕ್ತಪರೀಕ್ಷೆಯಲ್ಲಿ ಬಿ12 ಕಡಿಮೆ ಎಂದು ಬಂದು, ಡಾಕ್ಟರು ಇಂಜೆಕ್ಷನ್ ಬರೆದುಕೊಟ್ಟರು. ಚೀಟಿ ಮಡಚಿ ಜೇಬಿಗಿಟ್ಟು, "ರಾಗಿ ಸೀಮೆಯಲ್ಲಿ ಹುಟ್ಟಿದವನಿಗೆ ಸೂಜಿ ಯಾಕೆ? ಹುದುಗಿಸಿದರೆ ವಿಟಮಿನ್ ತಾನಾಗಿ ಉಕ್ಕುತ್ತೆ" ಎಂದು ಮನೆಯಲ್ಲಿ ಸಾರಿದೆ. ಫೋನಿನ ವಿಡಿಯೊ ನೋಡಿ ಹಾಲು ಮೊಸರು ಬಿಟ್ಟಿದ್ದೂ ಆಗಲೇ.

ಮಾಗಡಿ ಕಡೆಯ ಅವ್ವ ನಕ್ಕಳು. "ಅಂಬ್ಲಿ ಅನ್ನಲಾ, ಅದಕ್ಯಾಕ್ಲಾ ಇಷ್ಟೊಂದು ಭಾಷ್ಣ?" 2025ರಲ್ಲಿ ಸರ್ಕಾರ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು, ನಾನು ಅಂಬಲಿಗೆ 'ಪ್ರೋಬಯಾಟಿಕ್ ಪಾನೀಯ' ಎಂದು ಹೆಸರಿಟ್ಟೆ.

ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಹಿಟ್ಟನ್ನು ನೀರಿಗೆ ಕಲಸಿ ರಾತ್ರಿ ಮಡಕೆಯಲ್ಲಿಡು, ಬೆಳಗ್ಗೆ ಕಾಯಿಸು ಎಂಬುದು ಅವ್ವನ ಲೆಕ್ಕ. ಹುಳಿ ಹೆಚ್ಚಿದಷ್ಟೂ ವಿಟಮಿನ್ ಹೆಚ್ಚು ಎಂಬುದು ನನ್ನ ಲೆಕ್ಕ. ಚನ್ನಪಟ್ಟಣದ ಏಪ್ರಿಲ್ ಸೆಕೆಗೆ ಮಡಕೆ ಮುಚ್ಚಳ ತಳ್ಳಿಕೊಂಡು ಉಕ್ಕಿ, ಕಟ್ಟೆಯ ಮೇಲೆ ಮಗಳು ಬಿಟ್ಟುಹೋಗಿದ್ದ ಅರಗಿನ ಗೊಂಬೆ ಸೊಂಟದ ತನಕ ಪ್ರೋಬಯಾಟಿಕ್‌ನಲ್ಲಿ ನಿಂತಿತ್ತು. ಕನಕಪುರದಲ್ಲಿ ರೇಷ್ಮೆಹುಳ ಸಾಕುವ ಭಾಮೈದ ಬಾಗಿಲಲ್ಲೇ ನಿಂತ. "ಭಾವ, ಹುಳಕ್ಕೆ ರೋಗ ಬಂದಾಗ್ಲೂ ನಮ್ಮನೇಲಿ ಇಂಥ ವಾಸ್ನೆ ಬರಲ್ಲ." ಚಪ್ಪಲಿಯನ್ನೂ ಬಿಚ್ಚಲಿಲ್ಲ.

ನನ್ನವಳು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಡಂ. ನೆಲ ಒರೆಸುತ್ತಲೇ ಪಾಠ ಶುರು ಮಾಡಿದಳು (ಒರೆಸುತ್ತಿದ್ದವನು ನಾನು, ಪಾಠ ಅವಳದು).

"ರೀ, ಮೊಳಕೆ, ಹುದುಗು ಎರಡೂ ಒಳ್ಳೇವೇ. ಫೈಟಿಕ್ ಆಮ್ಲ ಇಳಿದು ರಾಗಿಯ ಕಬ್ಬಿಣ, ಕ್ಯಾಲ್ಸಿಯಂ ಮೈಗೆ ಹತ್ತುತ್ತೆ. ಹುಳಿ ಬರಿಸೋ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಫೋಲೇಟ್, ರೈಬೋಫ್ಲೇವಿನ್ ಹೆಚ್ಚಿಸ್ತವೆ. ಕುದಿಸಿದ್ರೆ ಫೋಲೇಟ್ ಒಂದಿಷ್ಟು ಹೋಗುತ್ತೆ, ಇರಲಿ. ಆದ್ರೆ ಬಿ12 ಯಾವ ಗಿಡವೂ ಮಾಡಲ್ಲ. ಅದನ್ನ ಮಾಡೋ ಪ್ರೊಪಿಯಾನಿಬ್ಯಾಕ್ಟೀರಿಯಂ ಇರೋದು ಸ್ವಿಸ್ ಚೀಸಲ್ಲಿ. ನಿಮ್ಮ ಮಡಕೆಗೆ ಅದನ್ನ ಯಾರು ಕರೆದಿದ್ರು?"

"ಹಂಗಾದ್ರೆ ನಮ್ಮ ಹಿರಿಯರು?"

"ಅತ್ತೆ ಅಂಬಲಿಗೆ ಮಜ್ಜಿಗೆ ಸುರೀತಾರಲ್ಲ, ಬಿ12 ಬರೋದು ಅದರಿಂದ. ನೀವು ಅದೊಂದನ್ನೇ ಬಿಟ್ರಿ."

ದೊಡ್ಡವರಿಗೆ ದಿನಕ್ಕೆ ಬೇಕಿರುವುದು ಎರಡು ಮೈಕ್ರೋಗ್ರಾಂ ಚಿಲ್ಲರೆಯಂತೆ. ಅಷ್ಟಕ್ಕೆ ನಾನು ಎರಡು ಸೇರು ರಾಗಿ ಬೀಸಿಸಿದ್ದೆ.

ಹಾಲು ಮೊಸರು, ಮೊಟ್ಟೆ ಮಾಂಸ ಎಲ್ಲ ಬಿಟ್ಟವರು ಬಿ12ಕ್ಕೆ ಮಾತ್ರೆಯನ್ನೋ, ಅದನ್ನು ಬೆರೆಸಿದ ಆಹಾರವನ್ನೋ ನಂಬಬೇಕು. ಕೊರತೆ ಆಗಲೇ ಇದ್ದರೆ ಡಾಕ್ಟರು ಹೇಳಿದ್ದೇ ಸರಿ. ನನ್ನ ಸೂಜಿ ಸೋಮವಾರಕ್ಕೆ ಗೊತ್ತಾಗಿದೆ. ಅಂಬಲಿ ಇನ್ನೂ ಅರ್ಧ ಮಡಕೆ ಉಳಿದಿದೆ. ಚನ್ನಪಟ್ಟಣದ ಕಡೆ ಬಂದವರು ದಯವಿಟ್ಟು ಒಂದು ಲೋಟ ಕುಡಿದು ಹೋಗಿ, ಮಜ್ಜಿಗೆ ನಾವೇ ಕೊಡುತ್ತೇವೆ.